ಅರ್ಧ ಮುದ್ದೆ

ಗೌರಿ, ಅರ್ಧ ಮುದ್ದೆ ಉಣ್ಣು ಎಂದು ಡಾಕ್ಟ್ರಮ್ಮ ನಿನಗೆ ಹೇಳಿರಲಿಲ್ಲ. ಸ್ಕೂಲಿಗೆ ಹೋಗಬೇಡ ಎಂದೂ ಹೇಳಿರಲಿಲ್ಲ. ಎರಡೂ ನಿನ್ನ ಅತ್ತಿಗೆಯ ಬಾಯಲ್ಲಿ ಹುಟ್ಟಿದ ಸುಳ್ಳು — ನಾನು ಬಂದರೆ ಇವತ್ತಿಗೂ ಎದ್ದು ಮಣೆ ಹಾಕುತ್ತೀಯಲ್ಲ, ಆ ಅತ್ತಿಗೆಯದು.

ಅರವತ್ತರ ದಶಕದ ಮೊದಲ ವರ್ಷಗಳು. ನೀನು ದೊಡ್ಡವಳಾದೆ, ಅಟ್ಟೂರಿನ ಮನೆಯಲ್ಲಿ ಒಸಗೆ ಆಯಿತು. ಸೊಂಟ ಗಟ್ಟಿಯಾಗಲಿ ಎಂದು ನನ್ನ ಅತ್ತೆ, ಅಂದರೆ ನಿನ್ನ ಅವ್ವ, ನಿನ್ನನ್ನು ಕೂರಿಸಿ ಕೊಬ್ಬರಿ ಬೆಲ್ಲ, ಚಿಗಳಿ, ಉದ್ದಿನುಂಡೆ, ಅದರ ಮೇಲೆ ತುಪ್ಪ ತಿನ್ನಿಸಿದರು. ಬೇರೆ ಮನೆಗಳಲ್ಲಿ ತಿಂಗಳಿಗೆ ಮುಗಿಯುವುದು ನಮ್ಮಲ್ಲಿ ಎಂಟು ತಿಂಗಳು ನಡೆಯಿತು. ಒಬ್ಬಳೇ ಮಗಳು, ಅತ್ತೆಗೆ ಕೈ ಬಿಗಿಹಿಡಿಯುವುದೇ ಗೊತ್ತಿರಲಿಲ್ಲ. ಅಷ್ಟರಲ್ಲಿ ನಿನ್ನ ರವಿಕೆಗಳೆಲ್ಲ ಬಿಗಿಯಾಗಿ, ಹಿತ್ತಲಿಗೆ ಹೋಗಿ ಬಂದರೂ ಏದುಸಿರು. ನೀನು ಏಳನೇ ಕ್ಲಾಸಿನ ಪುಸ್ತಕಗಳಿಗೆ ಪೇಪರಿನ ರಟ್ಟು ಹಾಕಿ ಕಾಯುತ್ತಿದ್ದೆ. ಸ್ಕೂಲಿಗೆ ಯಾವಾಗ ಕಳಿಸ್ತೀಯವ್ವಾ ಎಂದು ದಿನಕ್ಕೊಮ್ಮೆ ಕೇಳುತ್ತಿದ್ದೆ. ಮೈ ಕಂಡು ಗಂಡಿನವರು ಏನಂದಾರು ಎಂದು ಹೆದರಿದ ಅತ್ತೆ, ನಮ್ಮಿಬ್ಬರನ್ನೂ ಗಾಡಿ ಹತ್ತಿಸಿಕೊಂಡು ಯಲಹಂಕದ ಡಾಕ್ಟ್ರಮ್ಮನ ಹತ್ತಿರ ಹೊರಟರು.

ನನ್ನ ಮಗು ರಚ್ಚೆ ಹಿಡಿದಿತ್ತು, ಅತ್ತೆ ಅದನ್ನೆತ್ತಿಕೊಂಡು ಹೊರಗೆ ಮರದ ಕೆಳಗೆ ಉಳಿದರು. ಡಾಕ್ಟ್ರಮ್ಮ ನಿನ್ನನ್ನು ತೂಕದ ಮಿಷನ್ ಮೇಲೆ ನಿಲ್ಲಿಸಿದರು, ಕಣ್ಣು ನಾಲಿಗೆ ನೋಡಿದರು, ಅಜ್ಜಿ ಹತ್ರ ಹೋಗು ಎಂದು ಆಚೆ ಕಳಿಸಿದರು. ನಿನ್ನ ಅವ್ವನನ್ನು ಅಜ್ಜಿ ಎಂದದ್ದಕ್ಕೆ ನೀನು ನಗುತ್ತಾ ಹೋದೆ. ಆಮೇಲೆ ಅವರು ನನಗೆ ಹೇಳಿದ್ದಿಷ್ಟು:

"ಹುಡುಗಿಗೆ ಕಾಯಿಲೆ ಏನಿಲ್ಲ ಕಣಮ್ಮ. ಕೂರಿಸಿ ತಿನ್ನಿಸಿದೀರ, ಅಷ್ಟೆ. ಬೆಳೆಯೋ ಮಗು, ಹೊಟ್ಟೆಗೆ ಮಾತ್ರ ಕಮ್ಮಿ ಮಾಡ್ಬೇಡಿ. ತುಪ್ಪ ಬೆಲ್ಲ ನಿಲ್ಲಿಸಿ, ಎಲ್ರೂ ಉಣ್ಣೋದನ್ನೇ ಅವಳೂ ಉಣ್ಲಿ. ಸ್ಕೂಲಿಗೆ ಕಳ್ಸಿ. ದಿನಾ ನಡ್ಕೊಂಡ್ ಬಂದು ಹೋದ್ರೆ ಅದೇ ಔಷಧಿ. ಎರಡು ತಿಂಗ್ಳಿಗೆ ಮತ್ತೆ ಕರ್ಕೊಂಡ್ ಬನ್ನಿ."

ತಲೆಯಾಡಿಸಿದೆ. ಬಾಗಿಲಿನಿಂದ ಮರದವರೆಗೆ ಇಪ್ಪತ್ತು ಹೆಜ್ಜೆ ಇರಬಹುದು. ಅಷ್ಟರಲ್ಲಿ ನನಗೆ ಕಂಡಿದ್ದು ಒಂದೇ — ನೀನು ಬೆಳಿಗ್ಗೆ ಹೋಗಿ ಸಂಜೆ ಬಂದರೆ ನನ್ನ ಗತಿ ಏನು. ಕಂಕುಳಲ್ಲೊಂದು, ಕಾಲಿಗೆ ತೊಡರುವುದೊಂದು, ಹೊಟ್ಟೆಯಲ್ಲೊಂದು. ಬೀಸುವ ಕಲ್ಲು, ಕೊಟ್ಟಿಗೆ, ಬಾವಿ. ಆ ಮನೆಯಲ್ಲಿ ನನ್ನ ಮಕ್ಕಳನ್ನು ಎತ್ತಿಕೊಳ್ಳುತ್ತಿದ್ದವಳು ನೀನೊಬ್ಬಳೇ. ನೀನು ಹೊಸಿಲು ದಾಟಿದರೆ ಒಳಗೆ ಉಳಿಯುವವಳು ನಾನೊಬ್ಬಳೇ ಎನಿಸಿತು — ಎನಿಸಿತು ಎಂದು ಹೇಳುತ್ತಿದ್ದೇನೆ, ಅದು ಸರಿ ಎಂದಲ್ಲ.

"ಏನಂದ್ರೆ?" ಎಂದು ಅತ್ತೆ ಕೇಳಿದರು.

"ಬಿಸಿಲಲ್ಲಿ ಅಲೆಸ್ಬಾರ್ದಂತೆ ಅತ್ತೆ, ಸ್ಕೂಲು ಬ್ಯಾಡ್ವಂತೆ," ಎಂದೆ.

"ಮೈಗೇನ್ ಮಾಡ್ಬೇಕಂತೆ?"

ನಡೆಯುವುದೇ ಔಷಧಿ ಎನ್ನುವಂತಿರಲಿಲ್ಲ. "ಮುದ್ದೇಲಿ ಅರ್ಧ ಮುರ್ದಿಡ್ಬೇಕಂತೆ," ಎಂದುಬಿಟ್ಟೆ.

ನೀನು ಅಲ್ಲೇ ನಿಂತಿದ್ದೆ. ಅಳಲಿಲ್ಲ. "ಸಣ್ಣ ಆದ್ಮೇಲಾದ್ರೂ ಓಗ್ಬೋದಾ ಅತ್ಗೆ?" ಎಂದು ಕೇಳಿದೆ. ನೋಡೋಣ ಎಂದೆ ನಾನು. ಗೌರಿ, ಆ ಒಂದು ನೋಡೋಣ ಎಂಬ ಮಾತು ಹಿಡಿದುಕೊಂಡು ನೀನು ಹಸಿದುಕೊಂಡಿದ್ದೆ.

ತಿಂಗಳು ಕಳೆಯಿತು. ಮುದ್ದೆ ಬಡಿಸುವವಳು ನಾನೇ, ಮುರಿಯುವವಳೂ ನಾನೇ. ಕದ್ದು ಒಂದು ಹಿಡಿ ಹುರಿಗಡಲೆ ಕೊಟ್ಟರೆ "ಬ್ಯಾಡ ಅತ್ಗೆ, ಡಾಕ್ಟ್ರಮ್ಮ ಬೈತಾರೆ" ಎಂದು ನೀನು ಕೈ ಹಿಂದಕ್ಕೆ ಕಟ್ಟಿಕೊಂಡೆ. ಬಾವಿಕಟ್ಟೆಯ ಹತ್ತಿರ ತಲೆಸುತ್ತಿ ಬಿದ್ದೆಯಲ್ಲ, ಆ ದಿನ ನಾನು ನಿಜ ಹೇಳಲು ಅತ್ತೆಯ ಮುಂದೆ ಹೋಗಿ ನಿಂತೆ. ಅವರು ನನ್ನ ತಲೆ ಸವರಿ, "ನಿನ್ನಿಂದ ನನ್ ಮಗ್ಳು ಒಂದ್ ಹದಕ್ಕೆ ಬಂದ್ಲು ಕಣವ್ವ" ಎಂದರು. ಹೇಳದೆ ಒಳಗೆ ಹೋದೆ. ಆಮೇಲೆ ಯಾವ ದಿನ ಹೇಳಿದರೂ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಕೊಡಬೇಕಿತ್ತು. ಎರಡು ತಿಂಗಳಿಗೆ ಮತ್ತೆ ಕರೆತನ್ನಿ ಎಂದಿದ್ದರು ಡಾಕ್ಟ್ರಮ್ಮ. ಕರೆದುಕೊಂಡು ಹೋಗಲಿಲ್ಲ.

ನೀನು ಸಣ್ಣಗಾದೆ. ಸಣ್ಣಗಾಗಿದ್ದಕ್ಕೆ ಸ್ಕೂಲು ಸಿಗಲಿಲ್ಲ, ಪಕ್ಕದ ಹಳ್ಳಿ ಸಿಂಗಾಪುರದ ಗಂಡು ಸಿಕ್ಕಿತು. ಹೊರಡುವ ದಿನ ಆ ರಟ್ಟು ಹಾಕಿದ ಪುಸ್ತಕಗಳನ್ನು ನನ್ನ ಕೈಗಿಟ್ಟು, "ನಿನ್ ಮಗುಂಗೆ ಆಯ್ತವೆ, ಮಡಿಕೋ ಅತ್ಗೆ" ಎಂದೆ. ಮಡಿಕೊಂಡೆ. ನನಗೆ ನಾಚಿಕೆಯೂ ಆಗಲಿಲ್ಲ, ಸುಸ್ತಾಗಿತ್ತು.

ಇಷ್ಟನ್ನೂ ಚಿತೆಗೇ ಒಯ್ಯುತ್ತಿದ್ದೆನೇನೋ. ಆದರೆ ಹೋದ ಭಾನುವಾರ ನಿನ್ನ ಮನೆಯಲ್ಲಿ ಉಣ್ಣಲು ಕೂತಾಗ, ನೀನು ನಿನ್ನ ಮೊಮ್ಮಗಳ ತಟ್ಟೆಯಿಂದ ಅರ್ಧ ಮುದ್ದೆ ಮುರಿದು ಪಾತ್ರೆಗೆ ಹಾಕಿದೆ. ಹದಿಮೂರು ವರ್ಷದ್ದು, ಮೈಕೈ ತುಂಬಿಕೊಂಡಿದೆ, ನೀನಿದ್ದ ಹಾಗೇ. "ಇಷ್ಟ್ ಸಾಕು ಮಗಾ. ನಂಗೆ ಡಾಕ್ಟ್ರಮ್ಮನೇ ಏಳಿದ್ರು. ಬೇಕಾದ್ರೆ ಈ ಅಜ್ಜೀನ್ ಕೇಳು, ಅವ್ರೇ ಕೇಳಿಸ್ಕೊಂಡಿದ್ದು," ಎಂದು ನನ್ನ ಕಡೆ ನೋಡಿದೆ. ನಿನ್ನ ತಟ್ಟೆಯಲ್ಲೂ ಅರ್ಧವೇ ಇತ್ತು.

ಆ ಮಗು ನನ್ನ ಮುಖ ನೋಡಿತು. ನಾನು ಹೌದು ಎಂದು ತಲೆಯಾಡಿಸಿದೆ.

ಹರೆಯದಲ್ಲಿ ಹೇಳಿದ ಸುಳ್ಳಿಗೆ ಬಸುರಿ, ಬಾಣಂತಿ, ಕೆಲಸ ಎಂದು ಏನಾದರೂ ಅಡ್ಡ ಹಿಡಿಯಬಹುದಿತ್ತು. ಈ ತಲೆಯಾಡಿಸಿದ್ದಕ್ಕೆ ಏನೂ ಇಲ್ಲ.

ಬರುವ ಭಾನುವಾರ ಬರುತ್ತೇನೆ. ಈ ಕಾಗದ ಓದಿ ನೀನು ಮಣೆ ಹಾಕದಿದ್ದರೆ ನೆಲದ ಮೇಲೆ ಕೂರುತ್ತೇನೆ, ಬಾಗಿಲು ತೆಗೆಯದಿದ್ದರೆ ಜಗಲಿಯ ಮೇಲೆ. ಡಾಕ್ಟ್ರಮ್ಮ ಹೇಳಿದ್ದನ್ನು ಒಂದಕ್ಷರ ಬಿಡದೆ ಆ ಮಗುವಿನ ಎದುರಿಗೇ ಹೇಳುತ್ತೇನೆ. ನಾನು ಬರುವ ತನಕ ನನ್ನನ್ನು ಏನಾದರೂ ಅಂದುಕೋ, ಗೌರಿ. ಆ ಮಗುವಿನ ಮುದ್ದೆ ಮಾತ್ರ ಮುರಿಯಬೇಡ.