ಐನಾಪುರದ ಡಬ್ಬಿಯಲ್ಲಿಲ್ಲದ ನಾಣ್ಯ

ಹಳೆಯ ವ್ಯಾನಿಟಿ ಬ್ಯಾಗನ್ನು ಎಸೆಯುವ ಮೊದಲು ಒಳಗೆಲ್ಲ ತಡಕಾಡಿದೆ. ಹರಿದ ಅಸ್ತರಿನ ಸಂದಿಯಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಚೀಲ ಸಿಕ್ಕಿತು. ಒಳಗೆ ಏನೂ ಇರಲಿಲ್ಲ. ಮೂಗಿಗೆ ಹಿಡಿದೆ, ತಂಬಾಕಿನ ವಾಸನೆ ಇನ್ನೂ ಹೋಗಿರಲಿಲ್ಲ... ಕಾಕಾ ತಮ್ಮ ಆಟದ ಸಾಮಾನನ್ನೆಲ್ಲ ನಿಪ್ಪಾಣಿ ತಂಬಾಕಿನ ಡಬ್ಬಿಯಲ್ಲೇ ಇಡುತ್ತಿದ್ದರು.

ಕಾಕಾ ಎಂದರೆ ಚಿಕ್ಕೋಡಿಯಲ್ಲಿ ನಮ್ಮ ಪಕ್ಕದ ಮನೆಯವರು. ಮೋಜಣಿ ಕೆಲಸದಲ್ಲಿ ಹೊಲಗಳನ್ನು ಅಳೆದು ಅಳೆದು ನಿವೃತ್ತರಾದವರು. ನಾನಾಗ ಮದುವೆಯಾಗಿ ಆ ಓಣಿಗೆ ಹೊಸದಾಗಿ ಬಂದಿದ್ದೆ, ಶಾಲೆಯಲ್ಲಿ ಪಾಠ ಹೇಳುತ್ತಿದ್ದೆ. ಸುತ್ತಲಿನವರೆಲ್ಲ ಸಕ್ಕರೆ ಕಾರ್ಖಾನೆ, ಕಬ್ಬಿನ ರೇಟು ಎಂದು ಮಾತಾಡುತ್ತಿದ್ದರೆ ಕಾಕಾ ಜಿಪಿಎಸ್ ಯಂತ್ರ ಹಿಡಿದು ಗುಡ್ಡ ಹತ್ತುತ್ತಿದ್ದರು. ಯಾರೋ ಒಬ್ಬರು ಒಂದು ಕಡೆ ಡಬ್ಬಿ ಬಚ್ಚಿಟ್ಟು, ಅದರ ಅಕ್ಷಾಂಶ ರೇಖಾಂಶವನ್ನು ಇಂಟರ್ನೆಟ್ಟಿನಲ್ಲಿ ಹಾಕುತ್ತಾರೆ. ಉಳಿದವರು ಹುಡುಕುತ್ತಾರೆ. ಅಷ್ಟೇ ಆಟ. ಕೆಲವು ಡಬ್ಬಿಗಳಲ್ಲಿ ಪ್ರಯಾಣದ ನಾಣ್ಯಗಳಿರುತ್ತವೆ, ರೊಕ್ಕದಂತೆಯೇ ಕಾಣುವ ಲೋಹದ ಬಿಲ್ಲೆಗಳು. ಸಿಕ್ಕವರು ಅದನ್ನು ಮುಂದಿನ ಡಬ್ಬಿಗೆ ಒಯ್ದು ಹಾಕಿ, ಅದರ ಬೆನ್ನಿಗೆ ಕೊರೆದ ನಂಬರು ಹಾಕಿ, ಇಂಟರ್ನೆಟ್ಟಿನಲ್ಲಿ ಆ ನಾಣ್ಯಕ್ಕೇ ಇರುವ ಪುಟದಲ್ಲಿ ದಾಖಲಿಸಬೇಕು. ಓಣಿಯವರು ಮುದುಕನಿಗೆ ಹುಚ್ಚು ಎಂದು ನಗುತ್ತಿದ್ದರು. ನಗದೆ ಜೊತೆಗೆ ಹೋದವಳು ನಾನೊಬ್ಬಳೇ.

ಕಾಕಾ ಒಂದು ನಾಣ್ಯವನ್ನು ಮಹಾಬಳೇಶ್ವರದಲ್ಲಿ, ಕೃಷ್ಣೆ ಹುಟ್ಟುವ ಕಡೆ ಇಡಿಸಿದ್ದರು. ನದಿಯ ಜೊತೆಗೇ ಅದು ಸಮುದ್ರ ಮುಟ್ಟಬೇಕೆಂಬುದು ಅವರ ಆಸೆ.

"ಇಷ್ಟ ವರ್ಷ ಹೊಳಿ ದಂಡಿ ಹೊಲಾ ಅಳದೇನಿ ತಂಗಿ, ಹೊಳಿ ಸಮುದ್ರ ಕೂಡೂದು ನೋಡಿಲ್ಲ. ನನ್ನ ಮೊಣಕಾಲು ಅಲ್ಲೀತನಕ ಬರಂಗಿಲ್ಲ. ಇದಾದ್ರೂ ಹೋಗ್ಲಿ," ಎಂದಿದ್ದರು.

ನಾಣ್ಯ ಕೈಯಿಂದ ಕೈಗೆ ದಾಟಿ, ಸಾಂಗಲಿ ಮುಗಿಸಿ ಯಡೂರಿನ ಡಬ್ಬಿಗೆ ಬಂತು. ಅದೇ ವಾರ ನಾನೂ ಅತ್ತೆಯೂ ಐನಾಪುರಕ್ಕೆ ಮದುವೆಗೆ ಹೊರಟಿದ್ದೆವು. ಅಲ್ಲಿ ಊರಾಚೆಯ ಬೇವಿನ ಮರದ ಪೊಟರೆಯಲ್ಲಿ ಕಾಕಾ ತಾವೇ ಒಂದು ಡಬ್ಬಿ ಇಟ್ಟಿದ್ದರು. ಅದರಲ್ಲಿ ಹಾಕಲು ನಾಣ್ಯವನ್ನು ಯಡೂರಿನಿಂದ ತಂದು, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ನನ್ನ ಕೈಗೆ ಕೊಟ್ಟರು. ಬಸ್ ಸ್ಟ್ಯಾಂಡಿನಲ್ಲಿ ನಂಬರು ಬರೆದುಕೊಳ್ಳಲೆಂದು ಅದನ್ನು ಚೀಲದಿಂದ ತೆಗೆದೆ. ಅಷ್ಟರಲ್ಲಿ ಬಸ್ಸು ಬಂತು. ಗಡಿಬಿಡಿಯಲ್ಲಿ ಚಿಲ್ಲರೆಯ ಖಾನೆಗೆ ಹಾಕಿಕೊಂಡು ಹತ್ತಿದೆ.

ಅಂಕಲಿ ದಾಟಿ ಬಸ್ಸು ಕೃಷ್ಣೆಯ ಸೇತುವೆಗೆ ಬಂದಾಗ ಎಲ್ಲರೂ ಎಂದಿನಂತೆ ಕೈ ಮುಗಿದರು. ಅತ್ತೆ ನನ್ನತ್ತ ನೋಡದೆಯೇ ಅಂಗೈ ಚಾಚಿದರು.

"ಲಗೂ ಒಂದ್ ಚಿಲ್ಲರ ಕೊಡವಾ, ಹೊಳಿ ಬಂತು!"

ಸಿಕ್ಕ ನಾಣ್ಯವನ್ನು ಕೊಟ್ಟೆ. ಕಣ್ಣಿಗೆ ಒತ್ತಿಕೊಂಡು ಕಿಟಕಿಯಿಂದ ಎಸೆದರು. "ದೊಡ್ಡ ರೊಕ್ಕಾನ ಕೊಟ್ಟಿ, ಛಲೋ ಆತು," ಎಂದು ಮೆಚ್ಚಿಕೊಂಡರು ಬೇರೆ.

ಬೇವಿನ ಮರದ ಬುಡದಲ್ಲಿ ಪರ್ಸು ಸುರುವಿದಾಗಲೇ ತಿಳಿದದ್ದು, ಹೊಳೆಗೆ ಬಿದ್ದದ್ದು ಕಾಕಾರ ನಾಣ್ಯವೆಂದು.

ಆಗಲೇ ಫೋನ್ ಮಾಡಿ ಹೇಳಿದ್ದರೆ ಮುಗಿದುಹೋಗುತ್ತಿತ್ತು. ಅಷ್ಟು ನಂಬಿ ಕೊಟ್ಟಿದ್ದಾರಲ್ಲ ಎಂಬ ನಾಚಿಕೆ, ಅತ್ತೆಯ ಹೆಸರು ಬರುತ್ತದಲ್ಲ ಎಂಬ ಅಂಜಿಕೆ... ಪುಟದಲ್ಲಿ "ಐನಾಪುರದ ಡಬ್ಬಿಯಲ್ಲಿ ಇಟ್ಟಿದ್ದೇನೆ" ಎಂದು ಬರೆದುಬಿಟ್ಟೆ.

ನಾಣ್ಯ ಮುಂದೆ ಹೋಗಲಿಲ್ಲವೆಂದು ಕಾಕಾ ಐನಾಪುರಕ್ಕೆ ಮೂರು ಸಲ ಬಸ್ಸಿನಲ್ಲಿ ಹೋಗಿ ಡಬ್ಬಿ ನೋಡಿ ಬಂದರು. ಮೊದಲೂ ಅವರ ನಾಣ್ಯಗಳು ಕಳೆದಿದ್ದವು. ಆಗೆಲ್ಲ ಕೊನೆಯದಾಗಿ ಅದನ್ನು ಒಯ್ದವರಿಗೆ ಮರ್ಯಾದೆಯಿಂದ ಒಂದು ಪತ್ರ ಬರೆಯುತ್ತಿದ್ದರು, ಕಾಯುತ್ತಿದ್ದರು, ಉತ್ತರ ಬರದಿದ್ದರೆ "ಕಳೆದಿದೆ" ಎಂದು ನಮೂದಿಸಿ ಅದೇ ನಂಬರಿನ ಇನ್ನೊಂದು ಬಿಲ್ಲೆ ಮಾಡಿ ಬಿಡುತ್ತಿದ್ದರು. ಗಡಿಗಲ್ಲು ಕಳೆದರೆ ಬಾಜೂ ಹೊಲದವರ ಮಾತು ಕೇಳಿ, ಅಲ್ಲೇ ಹೊಸ ಕಲ್ಲು ನೆಡುವ ಅವರ ನೌಕರಿಯ ರೂಢಿ ಅದು. ಇದಕ್ಕೂ ಹಾಗೇ ಮಾಡಿಬಿಡಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತಿದ್ದೆ.

ಒಂದು ದಿನ ಧೈರ್ಯ ಮಾಡಿ ಮಜ್ಜಿಗೆಯ ನೆಪದಲ್ಲಿ ಹೋದೆ. ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಾ ಕೂತಿದ್ದರು.

"ಕಾಕಾ, ಅದು ಕಳದೈತಿ ಅಂತ ಬರದು, ಬ್ಯಾರೇದು ಬಿಡ್ರಲ್ಲ," ಎಂದೆ.

"ಯಾಕ? ನೀ ಕೈಯಾರೆ ಇಟ್ಟೀಯಲ್ಲ. ಯಾರೋ ಒಯ್ದು ಬರೀಲಾಕ ಮರ್ತಾರ. ನೀ ಇಟ್ಟೀನಿ ಅಂತ ಬರದಮ್ಯಾಲ ಕಳದೈತಿ ಅಂತ ನಾ ಹೆಂಗ ಬರೀಲಿ?"

ಮಜ್ಜಿಗೆಯ ತಂಬಿಗೆಯನ್ನು ಅಲ್ಲೇ ಇಟ್ಟು ಎದ್ದುಬಂದೆ. ನನ್ನ ಒಂದು ಸುಳ್ಳು ಆ ನಾಣ್ಯವನ್ನು ಕಳೆಯಲೂ ಬಿಡಲಿಲ್ಲ, ಇನ್ನೊಂದು ಹೊರಡಲೂ ಬಿಡಲಿಲ್ಲ. ಆಮೇಲೆ ಹೇಳಲೇ ಇಲ್ಲ. ಕಾಕಾ ತೀರಿಕೊಂಡು ವರ್ಷಗಳಾದವು.

ಹೇಳಿದ್ದರೆ ಬೈಯುತ್ತಿದ್ದರೇ? ಇಲ್ಲ. ನಾಣ್ಯ ನದಿಗೇ ಬಿತ್ತೆಂದು ತೊಡೆ ತಟ್ಟಿ ನಗುತ್ತಿದ್ದರು, ಮರುದಿನವೇ ಹೊಸ ಬಿಲ್ಲೆ ಕೊರೆಸುತ್ತಿದ್ದರು. ಅದು ಗೊತ್ತಿರುವುದರಿಂದಲೇ ಇಷ್ಟು ಸಂಕಟ. ಈಗಲೂ ಸೇತುವೆಯ ಮೇಲೆ ಅತ್ತೆ ಕೈ ಚಾಚಿದರೆ ನಾಣ್ಯವನ್ನು ಎರಡೂ ಕಡೆ ತಿರುಗಿಸಿ ನೋಡಿ ಕೊಡುತ್ತೇನೆ.

ಖಾಲಿ ಚೀಲವನ್ನು ಮೇಜಿನ ಮೇಲಿಟ್ಟು ಆ ಪುಟ ತೆರೆದೆ. ನಾಣ್ಯ ಇಂದಿಗೂ "ಐನಾಪುರದ ಡಬ್ಬಿಯಲ್ಲಿದೆ". ಕೆಳಗೆ ಕಾಕಾ ಬರೆದ ಕೊನೆಯ ಸಾಲು: "ಸಿಕ್ಕವರು ಯಾರೇ ಇರಲಿ, ಅವಸರವಿಲ್ಲ. ಆದಾಗ ಮುಂದೆ ಕಳಿಸಿರಿ."

ನಡೆದದ್ದನ್ನೆಲ್ಲ ಬರೆದೆ. ಸೇತುವೆ, ಅತ್ತೆಯ ಅಂಗೈ, ನನ್ನ ಸುಳ್ಳು. ಕೊನೆಗೆ "ತಪ್ಪಾಯಿತು ಕಾಕಾ" ಎಂದು ಸೇರಿಸಿ ಗುಂಡಿ ಒತ್ತಿದೆ. ನಾಣ್ಯದ ಮಾಲೀಕರಿಗೆ ಸಂದೇಶ ಕಳಿಸಲಾಗಿದೆ ಎಂದು ಪರದೆಯ ಮೇಲೆ ಬಂತು.