ಫ್ರಿಜ್ಜಿನಲ್ಲಿಟ್ಟ ಗಂಡುಪುಡಿ

ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಟೈಲರಮ್ಮ ಇದ್ದರು. ಹೊಲಿಗೆ ಮಿಷನ್ನಿನ ಹಿಂದೆ, ಕಿಟಕಿಯುದ್ದಕ್ಕೂ ಹೂಜಿ ಗಿಡಗಳನ್ನು ಸಾಕಿದ್ದರು. ಎಲೆಯ ತುದಿಗೆ ಜೋತ ಹೂಜಿಯೊಳಕ್ಕೆ ಇರುವೆ, ನೊಣ ಜಾರಿದರೆ ಅಲ್ಲೇ ಕರಗಿಹೋಗುತ್ತಿದ್ದವು. ನಾನು ಬಗ್ಗಿ ನೋಡಿದಾಗಲೆಲ್ಲ ಅವರು ಪಿಸುದನಿಯಲ್ಲಿ, "ಮಾತಾಡಬ್ಯಾಡಿ ಕಣಕ್ಕ, ಉಣ್ತಾ ಅವೆ" ಎನ್ನುತ್ತಿದ್ದರು.

ಆ ಜಾತಿಯಲ್ಲಿ ಗಂಡು ಗಿಡವೇ ಬೇರೆ, ಹೆಣ್ಣು ಗಿಡವೇ ಬೇರೆ. ಒಂದು ಬೇಸಿಗೆಯಲ್ಲಿ ಅವರ ಬಳಿಯಿದ್ದ ಒಂದೇ ಗಂಡು ಗಿಡ ಹೂಬಿಟ್ಟು, ಒಣಗಿಹೋಯಿತು. ಹೆಣ್ಣು ಗಿಡ ಇನ್ನೂ ಮೊಗ್ಗೇ ಇಟ್ಟಿರಲಿಲ್ಲ. ಟೈಲರಮ್ಮ ಅದರ ಪರಾಗವನ್ನು, ಅವರ ಮಾತಿನಲ್ಲಿ ಗಂಡುಪುಡಿಯನ್ನು, ಕಾಗದದಲ್ಲಿ ಮಡಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರು. ಅವರ ಫ್ರಿಜ್ಜು ಕೆಟ್ಟಾಗ ಡಬ್ಬಿ ಹಿಡಿದು ನಮ್ಮ ಮನೆಗೆ ಓಡಿಬಂದರು.

"ಗಿಡವೇ ಸತ್ತೋದ್ಮೇಲೆ ಇದ್ಯಾಕ್ರೀ?" ಎಂದೆ.

"ಗಿಡ ಸತ್ತದೆ ಕಣಕ್ಕ. ಅವ್ನು ಇಲ್ಲೇ ಅವ್ನೆ" ಎಂದು ಡಬ್ಬಿಯನ್ನು ಮುಟ್ಟಿ ತೋರಿಸಿದರು.

ಡಬ್ಬಿ ನಮ್ಮ ಫ್ರಿಜ್ಜಿನಲ್ಲೇ ಉಳಿಯಿತು. ಆಮೇಲೆ ಮೊಸರಿಗೆಂದು ಅದನ್ನು ತೆರೆದಾಗಲೆಲ್ಲ, ಯಾರೋ ಮಲಗಿದ್ದ ಕೋಣೆಯ ಬಾಗಿಲು ತೆರೆದಂತೆ ಅಳುಕಾಗುತ್ತಿತ್ತು.

ಮಳೆಗಾಲದ ಕೊನೆಗೆ ಹೆಣ್ಣು ಗಿಡ ಹೂಬಿಟ್ಟಿತು. ಟೈಲರಮ್ಮ ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಸಣ್ಣ ಬ್ರಷ್ಷಿನಿಂದ ಆ ಪರಾಗವನ್ನು ಹೂವಿಗೆ ಸವರಿದರು. ಕಾಯಿ ಕಟ್ಟಿತು, ಬೀಜ ಮೊಳೆಯಿತು.

ಎಷ್ಟೋ ತಿಂಗಳ ಮೇಲೆ ಒಂದು ಬೆಳಿಗ್ಗೆ ನನ್ನನ್ನು ಕರೆದು ಕುಂಡ ತೋರಿಸಿದರು. ಕಡಲೆಕಾಳಿನಷ್ಟು ಸಸಿಗಳು, ಒಂದೊಂದರಲ್ಲೂ ಆಗಲೇ ಬಾಯಿ ತೆರೆದ ಪುಟ್ಟ ಹೂಜಿ. ಒಂದರಲ್ಲಿ ನುಸಿಯೊಂದು ಸಿಕ್ಕಿಕೊಂಡು ಇನ್ನೂ ಕಾಲಾಡಿಸುತ್ತಿತ್ತು.

"ಅಪ್ಪನ್ ಮಕ ನೋಡೇ ಇಲ್ಲ. ಬಾಯಿ ಮಾತ್ರ ಅವಂದೇ" ಎಂದು ಟೈಲರಮ್ಮ ಹೆಮ್ಮೆಯಿಂದ ನಕ್ಕರು.

ನಾನು ಕುಂಡದ ಅಂಚಿನ ಮೇಲಿದ್ದ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ.