ಶನಿವಾರದ ಪ್ರೊಸೀಜರ್

ಡೇಟಾಬೇಸ್ ನೋಡಿಕೊಳ್ಳಲು ನನಗೆ ಕೊಟ್ಟಿರುವ ಹೊಸ ತಂತ್ರಾಂಶದಲ್ಲಿ ಪ್ರೊಸೀಜರ್‌ಗಳಿಗೆ ಒಂದು ಫೋಲ್ಡರ್, ಫಂಕ್ಷನ್‌ಗಳಿಗೆ ಇನ್ನೊಂದು. ಸಣ್ಣದಾದರೂ ಈ ಅನುಕೂಲಕ್ಕೆ ಯಾರಾದರೂ ಖುಷಿಪಡಬೇಕು. ನನಗೆ ಮಾತ್ರ ಇದು ತಡವಾಗಿ ಬಂತು ಎನಿಸುತ್ತದೆ.

ಈ ಕಸುಬು ನಿಮಗೆ ಗೊತ್ತಿಲ್ಲದಿದ್ದರೂ ಚಿಂತೆಯಿಲ್ಲ. ಎರಡೂ ಮೊದಲೇ ಬರೆದಿಟ್ಟ ಆದೇಶಗಳು. ಫಂಕ್ಷನ್ ಕೇಳಿದವರಿಗೆ ಉತ್ತರ ತಂದುಕೊಡುತ್ತದೆ; ಪ್ರೊಸೀಜರ್ ಹೇಳಿದ ಕೆಲಸ ಮುಗಿಸಿ ಸುಮ್ಮನಾಗುತ್ತದೆ. ಪುಣೆಯ ಶಿವಾಜಿನಗರದ ನಮ್ಮ ಹಳೆಯ ಆಫೀಸಿನಲ್ಲಿ ಎರಡೂ ಒಂದೇ ಪಟ್ಟಿಯಲ್ಲಿ, ಒಂದೇ ಬಗೆಯ ಪುಟ್ಟ ಗುರುತುಚಿತ್ರ ಹೊತ್ತು ನಿಂತಿರುತ್ತಿದ್ದವು. ಧಾರವಾಡ ಕಡೆಯ ಹಿರಿಯ ಸಹೋದ್ಯೋಗಿ ವಾಮನರಾಯರು ಎಚ್ಚರಿಸುತ್ತಿದ್ದರು: "ಹೆಸರು ನೋಡಿ ನಂಬಬ್ಯಾಡೋ ತಮ್ಮಾ, ಒಳಗ ತಗದು ನೋಡು."

ನಾನು ತೆಗೆದು ನೋಡಲಿಲ್ಲ. ಪಟ್ಟಿ ಚೊಕ್ಕ ಮಾಡುವ ಹುಮ್ಮಸ್ಸಿನಲ್ಲಿ, ಯಾವ ಪ್ರೋಗ್ರಾಮೂ ಬಳಸದ ಒಂದನ್ನು ಕೆಲಸಕ್ಕೆ ಬಾರದ ಫಂಕ್ಷನ್ ಎಂದುಕೊಂಡು ಅಳಿಸಿದೆ. ಅದು ಪ್ರೊಸೀಜರ್. ಕುರಕುಂಭದ ಕಾರ್ಖಾನೆಯೊಂದರ ದಾಸ್ತಾನಿನ ಲೆಕ್ಕದಿಂದ ಖಾಲಿ ಪೀಪಾಯಿಗಳನ್ನು ತೆಗೆದುಹಾಕುವಂಥದ್ದು. ಪ್ರತಿ ಶನಿವಾರ ಮನೆಗೆ ಹೊರಡುವ ಮುಂಚೆ ರಾಯರೇ ಅದನ್ನು ಕೈಯಾರೆ ಓಡಿಸುತ್ತಿದ್ದರು.

ಆ ಶನಿವಾರ ಅದು ಸಿಗಲಿಲ್ಲ. ಕಾರ್ಖಾನೆಯ ಲೆಕ್ಕ ನಿಂತುಹೋಯಿತೆಂದು ಸಾಹೇಬರು ಎಲ್ಲರೆದುರು ಕೂಗಾಡಿದರು. ರಾಯರು ತಗ್ಗಿದ ನನ್ನ ತಲೆಯನ್ನೊಮ್ಮೆ ನೋಡಿ, "ಚೂಕ್ ಮಾಝೀ, ಸಾಹೇಬ್" ಎಂದು ಮರಾಠಿಯಲ್ಲಿ ಹೇಳಿ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಆಮೇಲೆ ನೆನಪಿನಿಂದಲೇ ಮತ್ತೆ ಬರೆದು, ಅದರ ಮೊದಲ ಸಾಲಿನಲ್ಲೊಂದು ಟಿಪ್ಪಣಿ ಹಾಕಿದರು: 'ನನ್ನ ಕೈತಪ್ಪಿನಿಂದ ಅಳಿಸಿಹೋಗಿತ್ತು. ವಾಮನ.'

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಅವರದು ಬೇರೆಯೇ ಮಾತು. "ಇಷ್ಟು ಸ್ವಚ್ಛ ಮಾಡಾಂವ ನಮ್ಮ ಮನೀಗೆ ಬಾರೋ. ಅಟ್ಟ ಭಾಳ ಹೊಲಸಾಗ್ಯದ!" ನಾನು ನಕ್ಕೆ. ನಕ್ಕಷ್ಟು ಸುಲಭವಾಗಿ ತಪ್ಪು ಒಪ್ಪಿಕೊಳ್ಳಲು ಬರಲಿಲ್ಲ. ಆ ವರ್ಷ ಬಡ್ತಿ ಅವರಿಗೆ ತಪ್ಪಿತು, ನನಗೆ ಸಿಕ್ಕಿತು. ಮಗರಪಟ್ಟಾದಲ್ಲಿ ನಮ್ಮದೇ ಕಂಪನಿಯ ಹೊಸ ಆಫೀಸಿಗೆ ಬಂದೆ. ಸಾಹೇಬರಿಗೆ ನಾಳೆ ಹೇಳೋಣ, ದಸರೆಗೆ ಹೇಳೋಣ ಎನ್ನುತ್ತಲೇ ರಾಯರು ನಿವೃತ್ತರಾದರು.

ಹೋದ ತಿಂಗಳು ತೀರಿಕೊಂಡರು. ಮನೆಗೆ ಹೋಗಿ ಕೂತಾಗ ಅವರ ಹೆಂಡತಿ, "ನಿಮ್ಮನ್ನ ಭಾಳ ನೆನಸ್ತಿದ್ರು ನೋಡ್ರಿ. ಹುಡುಗ ಶಾಣ್ಯಾ ಇದ್ದಾನ ಅಂತಿದ್ರು" ಎಂದರು. ಅಲ್ಲಿಯೂ ನಾನು ನಿಜ ಹೇಳಲಿಲ್ಲ.

ಇವತ್ತು ಶನಿವಾರ. ಹೊಸ ಫೋಲ್ಡರಿನಲ್ಲಿ, ಇನ್ನು ಯಾರೂ ತಪ್ಪು ತಿಳಿಯದ ಜಾಗದಲ್ಲಿ, ಆ ಪ್ರೊಸೀಜರ್ ಇತ್ತು. ಒಳಗೆ ತೆಗೆದು ನೋಡಿದೆ. ಟಿಪ್ಪಣಿ ತಿದ್ದಿದೆ: 'ಅಳಿಸಿದವನು ನಾನು. ಮತ್ತೆ ಬರೆದವರು ವಾಮನರಾಯರು.' ಕೆಳಗೆ ನನ್ನ ಪೂರ್ತಿ ಹೆಸರು ಹಾಕಿ, ಸಾಹೇಬರಿಗೂ ಅದರ ಪ್ರತಿ ಕಳಿಸಿದೆ. ಆಮೇಲೆ ಅದನ್ನು ಓಡಿಸಿದೆ. ಪ್ರೊಸೀಜರ್ ತಾನೇ, ಉತ್ತರ ಬರುವಂಥದ್ದಲ್ಲ. ಆದರೂ ಸ್ವಲ್ಪ ಹೊತ್ತು ಪರದೆ ನೋಡುತ್ತ ಕಾದು ಕೂತೆ.